ರೀಲು ಮಾವ ಕೂರದೇ ಹೋದ ಸೀಟು

ಕೈಯಲ್ಲಿ ದುಡ್ಡು ಹಿಡಿದು ನಿಂತ ಗಿರಾಕಿಗೆ ‘ಕೊಡಲ್ಲ, ಹೋಗು’ ಅಂದ ಅಂಗಡಿಯವರನ್ನು ನಾನು ನೋಡಿದ್ದು ಜೀವಮಾನದಲ್ಲಿ ಒಬ್ಬರನ್ನೇ. ಅವರು ರೀಲು ಮಾವ. ಅಷ್ಟಕ್ಕೇ ನಿಲ್ಲಿಸಿದ್ದರೆ ಮರೆಯುತ್ತಿದ್ದೆನೋ ಏನೋ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರೆಲ್ಲರ ಎದುರಿಗೆ, ನನ್ನ ಮುಖವನ್ನೂ ನೋಡದೆ, ಕೈಯಲ್ಲಿದ್ದ ಸ್ಕ್ರೂ ತಿರುಗಿಸುತ್ತಲೇ ಹೇಳಿದರು:

“ಸೈಕಲ್ಲಿಗೆ ಲಾರಿ ಇಂಜಿನ್ ಕಟ್ತೀಯೇನಪ್ಪಾ? ಬಾಡಿ ಕಟ್ಟೋನಿಗೆ ಅಷ್ಟೂ ಹೊಳೀಲಿಲ್ವಾ?”

ನಾಲ್ಕೂ ಜನ ನಕ್ಕರು. ಒಬ್ಬನಿಗಂತೂ ಕುಡಿಯುತ್ತಿದ್ದ ನೀರು ಮೂಗಿನಲ್ಲಿ ಬಂತು. ನಾನು ಲಾರಿಗಳಿಗೆ ಬಾಡಿ ಕಟ್ಟುವವನು, ಇಪ್ಪತ್ತಾರು ವರ್ಷದಿಂದ. ನನ್ನ ಕೆಲಸ ಹಿಡಿದು ಆಡಿದ ಮಾತು ಅದು. ಅವರ ವಿಷಯ ನಾಲ್ಕು ಮಾತು ಬರೆಯೋಣ ಎಂದು ಕೂತರೆ ಇವತ್ತಿಗೂ ಮೊದಲು ಕಿವಿಗೆ ಬರುವುದು ಆ ನಗು. ಅದನ್ನು ಇಳಿಸದೆ ಮುಂದೆ ಹೋಗಲಾರೆ.

ಅವರು ಗಲ್ಲಿಯಲ್ಲಿ ಯಾರಿಗೂ ಸ್ವಂತ ಮಾವ ಅಲ್ಲ. ಮೂವತ್ತೊಂದು ವರ್ಷ ಟಾಕೀಸಿನ ಕ್ಯಾಬಿನ್ನಿನಲ್ಲಿ ನಿಂತು ಸಿನಿಮಾ ಓಡಿಸಿದವರು. ರೀಲಿನ ಕಾಲ ಮುಗಿದು ಟಾಕೀಸಿನವರು ಮಷೀನುಗಳನ್ನು ಗುಜರಿಗೆ ಹಾಕಿದ ಮೇಲೆ, ನಮ್ಮ ಗಲ್ಲಿಯ ತಿರುವಿನಲ್ಲಿ, ಬೀಗ ರಿಪೇರಿಯವನ ಪಕ್ಕದ ಹತ್ತಡಿ ಜಾಗದಲ್ಲಿ ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟರು. ಗೇಮ್ ಆಡುವವರ ಮಷೀನು ಎಂದರೆ ಅವರಿಗೆ ಪ್ರಾಣ. ಚಿತ್ರ ಎಡವದೆ ಓಡಬೇಕು, ಅದೊಂದೇ ಹಟ. ದೂರದೂರದಿಂದ ಜನ ಬರುತ್ತಿದ್ದರು.

ಬರುತ್ತಿದ್ದುದು ಒಂದು ವಿಚಿತ್ರಕ್ಕಾಗಿ. ಮಾವ ಮಷೀನನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದರು. ಗೇಮ್ ಓಡುತ್ತಿರುವಾಗ ಡಬ್ಬಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಕಿವಿ ಹತ್ತಿರ ತಂದು ಕೂತುಬಿಡುವರು. ಒಳಗೆ ಎರಡು ಫ್ಯಾನು. ಒಂದು ಲೆಕ್ಕ ಹಾಕುವ ಪ್ರೊಸೆಸರಿನದು, ಒಂದು ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನದು. ಯಾರು ಉಸಿರುಗಟ್ಟಿ ಓಡುತ್ತಿದ್ದಾರೆ, ಯಾರು ಗೊರಕೆ ಹೊಡೆಯುತ್ತಿದ್ದಾರೆ ಎಂದು ಆ ಸದ್ದಿನಲ್ಲೇ ಹೇಳುತ್ತಿದ್ದರು. ನಾನು ಅದನ್ನು ಗಿರಾಕಿ ಹಿಡಿಯುವ ನಾಟಕ ಎಂದುಕೊಂಡಿದ್ದೆ.

ಅವತ್ತು ನಾನು ಅಂಥದೊಂದು ಕಾರ್ಡು ಕೇಳಲು ಹೋದದ್ದು ನಮ್ಮಣ್ಣನಿಗಾಗಿ.

ಅಣ್ಣ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದೇ ಒಂದು ಟ್ರಿಪ್ಪನ್ನು ಅರ್ಧಕ್ಕೆ ಬಿಟ್ಟ. ಊರು ಇನ್ನು ಎರಡು ಮೈಲಿ ಇದೆ ಎನ್ನುವಾಗ ಅವನ ಬಲಗಾಲು ಕಲ್ಲಾಯಿತು, ಬಾಯಿ ಒಂದು ಕಡೆಗೆ ವಾಲಿತು. ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟು ಎಚ್ಚರ ಇತ್ತು ಪುಣ್ಯಾತ್ಮನಿಗೆ. ಜನರನ್ನು ಬೇರೆ ಬಸ್ಸಿಗೆ ಹತ್ತಿಸಿದರು, ಅವನನ್ನು ಆಸ್ಪತ್ರೆಗೆ ಹಾಕಿದರು. ಮಾತು ಮೆಲ್ಲಗೆ ತಿರುಗಿ ಬಂತು, ಕಾಲು ಬರಲಿಲ್ಲ, ಲೈಸೆನ್ಸು ಹೋಯಿತು. ಆಮೇಲೆ ಅವನು ದಿನವಿಡೀ ಕಿಟಕಿ ಹತ್ತಿರ ಕೂತು ತೊಡೆಯ ಮೇಲೆ ಕೈ ಸಣ್ಣಗೆ ತಿರುಗಿಸುತ್ತಿದ್ದ. ಏನು ಮಾಡುತ್ತಿದ್ದೀರಿ ಎಂದು ಅತ್ತಿಗೆ ಕೇಳಿದರೆ, “ಊರ ಬಾಗಿಲ ಹತ್ರ ಇದೀನಿ” ಎನ್ನುತ್ತಿದ್ದ. ಆ ಎರಡು ಮೈಲಿ ಅವನ ಒಳಗೆ ಮುಗಿದೇ ಇರಲಿಲ್ಲ.

ಅತ್ತಿಗೆ ಕಸೂತಿಯ ನಮೂನೆ ಬಿಡಿಸಲೆಂದು ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಮಾವನೇ ಜೋಡಿಸಿಕೊಟ್ಟದ್ದು. ಬಸ್ಸು ಓಡಿಸುವ ಗೇಮು ಇದೆಯಂತೆ ಎಂದು ನನ್ನ ವರ್ಕ್‌ಶಾಪಿನಲ್ಲಿ ಯಾರೋ ಹೇಳಿದರು. ಗುಜರಿಯಿಂದ ನಿಜವಾದ ಬಸ್ಸಿನ ಸ್ಟೇರಿಂಗ್ ತಂದೆ. ಕೈಯಲ್ಲೇ ಎಳೆಯುವ ಹಾಗೆ ಬ್ರೇಕಿಗೂ ಆಕ್ಸಿಲರೇಟರಿಗೂ ಎರಡು ಲಿವರ್ ಮಾಡಿ, ಡ್ರೈವರ್ ಸೀಟು ಬೆಸುಗೆ ಹಾಕಿ ಕೂರಿಸಿದೆ. ಕಂಪ್ಯೂಟರಿಗೆ ತಂತಿ ಎಳೆದುಕೊಟ್ಟವರು ಬೇರೆಯವರು, ಕಬ್ಬಿಣವೆಲ್ಲ ನನ್ನದು. ಇನ್ನು ಒಳ್ಳೆಯ ಕಾರ್ಡು ಹಾಕಿದರೆ ಆಯಿತು, ಅತಿ ದೊಡ್ಡದನ್ನೇ ಹಾಕುತ್ತೇನೆ ಎಂದು ಹೋದರೆ ಸಿಕ್ಕಿದ್ದು ಆ ಲಾರಿ ಇಂಜಿನ್ನಿನ ಮಾತು. ಮೊದಲು ಮಷೀನು ತಂದು ತೋರಿಸು, ಪ್ರೊಸೆಸರು ಏನು ಹೇಳುತ್ತೋ ಕೇಳೋಣ ಎಂದೂ ಅಂದಿದ್ದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ.

ಸೀದಾ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಕಾರ್ಡು ಕೊಟ್ಟರು, ಅದಕ್ಕೆ ಈಗಿನ ಕರೆಂಟು ಸಾಲದು ಎಂದು ಹೆಚ್ಚು ಕರೆಂಟು ಕೊಡುವ ಪವರ್ ಡಬ್ಬಿಯನ್ನೂ ಕಟ್ಟಿದರು.

ಮೊದಲ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲೆ ಮಾಡಿದೆವು. ಏನು ಹೇಳಲಿ. ಗೋಡೆ ಕರಗಿ ಅಲ್ಲೊಂದು ದಾರಿ ಬಿಚ್ಚಿಕೊಂಡಿತು. ಎರಡೂ ಕಡೆ ಮರ, ಮರದ ನೆರಳು ಬಸ್ಸಿನ ಮೂತಿಯ ಮೇಲೆ ಹತ್ತಿ ಇಳಿಯುತ್ತಿತ್ತು. ದೂರದ ಬೆಟ್ಟ ಹತ್ತಿರ ಬಂದ ಹಾಗೆ ಬಂದು ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಅಣ್ಣನ ಮುಖದ ಮೇಲೆ ಹಸಿರು ಬೆಳಕು, ನೀಲಿ ಬೆಳಕು. ವಾಲಿದ ಬಾಯಿ ನೇರ ಆದ ಹಾಗೆ ಕಂಡಿತು ನನಗೆ. ಅತ್ತಿಗೆ ಬಾಗಿಲಲ್ಲಿ ಸೂಜಿ ಹಿಡಿದು ನಿಂತವರು ಹಾಗೇ ನಿಂತಿದ್ದರು. ಮೂವರೂ ಎಲ್ಲಿಗೋ ಹೊರಟುಹೋಗಿದ್ದೆವು.

ಊರು ಬಂತು. ಗಾಡಿ, ಜನ, ಸಿಗ್ನಲ್ ದೀಪ. ಅಲ್ಲಿ ಚಿತ್ರ ಎಡವತೊಡಗಿತು. ಇಲ್ಲಿದ್ದ ಕಾರು ಅಲ್ಲಿಗೆ ನೆಗೆಯುತ್ತಿತ್ತು. ರಸ್ತೆ ದಾಟುತ್ತಿದ್ದ ಹೆಂಗಸು ನಿಂತು, ಮಾಯವಾಗಿ, ಬಸ್ಸಿನ ಮುಂದೆಯೇ ಪ್ರತ್ಯಕ್ಷವಾದಳು. ಅಣ್ಣ ಲಿವರ್ ಎಳೆದು ನಿಲ್ಲಿಸಿದ. ಹಣೆಯಲ್ಲಿ ಬೆವರು. ಮರುದಿನವೂ ಅದೇ ಜಾಗದಲ್ಲಿ ಹಾಗೇ ಆಯಿತು. ಮೂರನೆಯ ದಿನ ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಊರು ನನ್ನ ಒಳಗೆ ಬಿಟ್ಕೊಳಲ್ಲ ಕಣೋ” ಎಂದ.

ನಾಲ್ಕನೆಯ ದಿನ ಸೀಟಿನಲ್ಲಿ ಕೂರಲೇ ಇಲ್ಲ, ಕಿಟಕಿಗೆ ವಾಪಸ್ ಹೋದ. ಊಟದ ತಟ್ಟೆಯನ್ನೂ ಅರ್ಧಕ್ಕೇ ಸರಿಸತೊಡಗಿದ.

ನನಗೆ ಹೇಳದೆ ಅತ್ತಿಗೆ ಮಾವನನ್ನು ಕರೆತಂದರು. ಬಟ್ಟೆ ಚೀಲ ಹಿಡಿದು, ಗೋಡೆ ಸವರಿಕೊಂಡು ನಿಧಾನವಾಗಿ ಒಳಗೆ ಬಂದರು. ದೊಡ್ಡ ಅಧಿಕಾರಿಯ ಹಾಗೆ ಬರುತ್ತಾರೆ ನೋಡು ಎಂದು ಹಲ್ಲು ಕಚ್ಚಿದೆ. ಗೇಮ್ ಹಾಕಿಸಿ, ಡಬ್ಬಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅತ್ತಿಗೆಯ ಬಲವಂತಕ್ಕೆ ಅಣ್ಣ ಓಡಿಸಿದ. ಖಾಲಿ ದಾರಿಯಲ್ಲಿ ಕಾರ್ಡಿನ ಫ್ಯಾನು ಜೋರಾಗಿ ಮೊರೆಯುತ್ತಿತ್ತು. ಊರು ಹತ್ತಿರವಾದಂತೆ ಅದು ತಗ್ಗಿತು, ಪ್ರೊಸೆಸರಿನ ಫ್ಯಾನು ಕಿರುಚತೊಡಗಿತು. ಅವತ್ತು ನನಗೂ ಕೇಳಿಸಿತು.

ಚಿತ್ರ ಭಾರ ಆಗಿರಬೇಕು ಎಂದೆ. ಮಾವ ಚಿತ್ರದ ಗುಣಮಟ್ಟವನ್ನು ಪೂರ್ತಿ ಕೆಳಕ್ಕೆ ಇಳಿಸುವಂತೆ ಅತ್ತಿಗೆಗೆ ಹೇಳಿದರು. ಮರಗಳು ಹಸಿರು ಗುಡ್ಡೆಗಳಾದವು, ಜನರಿಗೆ ಮುಖ ಇಲ್ಲದಂತಾಯಿತು. ಊರೊಳಗೆ ಎಡವುವುದು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ.

“ನೋಡಿದ್ಯಾ? ಎಡವ್ತಿರೋದು ಕಾರ್ಡಲ್ಲ. ಕ್ಯಾಬಿನ್ನಲ್ಲಿ ದೀಪ ಎಷ್ಟು ಜೋರಿದ್ರೇನಪ್ಪಾ, ರೀಲು ಬರ್ಬೇಕಲ್ಲ” ಎಂದರು. ಊರಿನ ಪ್ರತಿ ಗಾಡಿ ಎಲ್ಲಿ ತಿರುಗಬೇಕು, ಪ್ರತಿ ಮನುಷ್ಯ ಯಾವಾಗ ರಸ್ತೆ ದಾಟಬೇಕು ಎಂದು ಲೆಕ್ಕ ಹಾಕಿ ಕೊಡುವುದು ಪ್ರೊಸೆಸರು. ಕೊಟ್ಟದ್ದನ್ನು ಬಿಡಿಸುವುದು ಕಾರ್ಡು. ನಮ್ಮ ಮನೆಯ ಪ್ರೊಸೆಸರು ಕಸೂತಿಗೆ ಸಾಕಾಗಿತ್ತು. ನಾನು ತಂದ ದೈತ್ಯ ಊರೊಳಗೆ ಕೈಕಟ್ಟಿ ಕೂತು ಆ ಬಡಪಾಯಿಯ ದಾರಿ ಕಾಯುತ್ತಿತ್ತು.

ಖರ್ಚಿಲ್ಲದ ಉಪಾಯವೂ ಒಂದಿದೆ ಎಂದು, ಊರಿನಲ್ಲಿ ಗಾಡಿ ಮತ್ತು ಜನರನ್ನು ಸೊನ್ನೆಗೆ ಇಳಿಸಲು ಹೇಳಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಸ್ಸು ಒಳಗೆ ಹೋಯಿತು. ನನ್ನ ಕಾರ್ಡೇ ಗೆದ್ದಿತು ಎಂದುಕೊಂಡೆ. ಅರ್ಧ ಬೀದಿಗೆ ಅಣ್ಣ ಬ್ರೇಕು ಎಳೆದ. ಮುಚ್ಚಿದ ಅಂಗಡಿಗಳನ್ನೂ ಯಾರೂ ಇಲ್ಲದ ಫುಟ್‌ಪಾತನ್ನೂ ತುಂಬ ಹೊತ್ತು ನೋಡಿದ.

“ಜನ ಇಲ್ದೇ ಇರೋ ಊರಿಗೆ ಬಸ್ಸು ಯಾಕೆ?”

ಮಾವ ಡಬ್ಬಿಯಿಂದ ಕೈ ತೆಗೆದರು. “ಡ್ರೈವರ್ ಸಾಹೇಬ್ರು ಸರಿಯಾಗೇ ಹೇಳಿದ್ರು” ಎಂದು ಚೀಲ ಎತ್ತಿಕೊಂಡು ಹೊರಟರು.

ಮರುದಿನ ಮಧ್ಯಾಹ್ನ ತಾವೇ ಬಂದರು. ಅಂಗೈಯಲ್ಲಿ, ಹತ್ತಿಯೊಳಗೆ ಸುತ್ತಿದ ಒಂದು ಪ್ರೊಸೆಸರು. ತಮ್ಮ ಸ್ವಂತ ಮಷೀನಿನಿಂದ ಬಿಚ್ಚಿ ತಂದದ್ದು. ನಿಮ್ಮ ಮಷೀನಿನೊಳಗಿನ ಬೋರ್ಡಿಗೇ ಇದು ಕೂರುತ್ತದೆ, ಮುಂದೆಂದಾದರೂ ಬೇಕಾದೀತು ಎಂದು ಅಂಥ ಬೋರ್ಡನ್ನೇ ಅಂದು ಹಾಕಿದ್ದೆ ಎಂದರು. ಸ್ಕ್ರೂಗಳನ್ನು ಬೆರಳಲ್ಲೇ ಹುಡುಕಿ ಬಿಚ್ಚಿದರು. ಆಮೇಲೆ ನನ್ನನ್ನು ಕರೆದು, ಪ್ರೊಸೆಸರಿನ ಒಂದು ಮೂಲೆಯಲ್ಲಿ ಕೂರಿಸುವ ದಿಕ್ಕಿನ ಗುರುತಾಗಿ ಸಣ್ಣ ತ್ರಿಕೋನ ಇರುತ್ತೆ, ಯಾವ ಮೂಲೆ ನೋಡಿ ಹೇಳು ಎಂದರು. ನನ್ನನ್ನು ಕೈಯಾಳು ಮಾಡಿಕೊಳ್ಳುತ್ತಿದ್ದಾರೆ ಎಂದು ಸಿಟ್ಟು ಬಂದರೂ ತೋರಿಸಿದೆ. ಅವರು ಮೆಲ್ಲಗೆ, ಮಲಗಿದ ಮಗುವನ್ನು ತೊಟ್ಟಿಲಲ್ಲಿ ಇಡುವ ಹಾಗೆ, ಇಟ್ಟರು.

ಪರದೆ ಎಳೆದೆವು. ದಾರಿ, ಮರ, ಬೆಟ್ಟ. ಊರು ಬಂತು, ಗಾಡಿಗಳು ಬಂದವು, ಜನ ಬಂದರು, ಎಲ್ಲರೂ ತಮ್ಮ ತಮ್ಮ ಪಾಡಿಗೆ ಹರಿಯುತ್ತಿದ್ದರು. ಒಳಗಿನ ಎರಡೂ ಫ್ಯಾನು ಒಂದೇ ಶ್ರುತಿಯಲ್ಲಿ. ರಸ್ತೆ ದಾಟುವ ಆ ಹೆಂಗಸಿಗೆ ಅಣ್ಣ ಬಸ್ಸು ನಿಲ್ಲಿಸಿ ಕೈ ಬೀಸಿದ. ಅವಳು ದಾಟಿದಳು. ತಿರುವು, ಸೇತುವೆ, ಗಡಿಯಾರ ಕಂಬ. ಸ್ಟ್ಯಾಂಡಿನ ಬಿಳಿ ಗೆರೆಯೊಳಗೆ ಚಕ್ರ ಬಂದು ನಿಂತಿತು. ಇಂಜಿನ್ ಆರಿಸಿದ. ಕತ್ತು ಹಿಂದಕ್ಕೆ ತಿರುಗಿಸಿ, ನಮಗೆ ಕಾಣದ ಯಾರಿಗೋ ಹೇಳಿದ:

“ಇಳೀರಿ. ಊರು ಬಂತು.”

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಹೊರಗೆ ಹೋಗಿ ಏನೂ ಕೆಲಸವಿಲ್ಲದೆ ಒಂದು ಕಬ್ಬಿಣದ ಪಟ್ಟಿಗೆ ಸುತ್ತಿಗೆಯಲ್ಲಿ ನಾಲ್ಕು ಬಾರಿಸಿದೆ.

ಮಾವ ಹೊರಗೆ ಬಂದಾಗ ಎಷ್ಟಾಯಿತು ಎಂದೆ, ದನಿ ಗಡುಸು ಮಾಡಿ. ದುಡ್ಡು ಬೇಡ ಎಂದರು. ಪಡಸಾಲೆಯ ಕಂಬ ಹಿಡಿದು ನಿಂತು ಹೇಳಿದರು:

“ಮೂವತ್ತೊಂದು ವರ್ಷ ದಾರಿ ತೋರ್ಸಿದೀನಿ ಜನಕ್ಕೆ. ಒಂದು ದಾರೀನೂ ಪೂರ್ತಿ ನೋಡಿಲ್ಲ. ಮಧ್ಯದಲ್ಲಿ ರೀಲು ಬದ್ಲಾಯ್ಸೋಕೆ ತಿರುಗ್ಬೇಕಿತ್ತು. ಅಣ್ಣನ ಪಕ್ಕ ಕೂತು, ಹೊರಟಲ್ಲಿಂದ ಇಳಿಯೋವರ್ಗೂ ಒಂದು ಟ್ರಿಪ್ಪು ನೋಡ್ಬೇಕು. ಇವತ್ತು ಬೇಡ, ಇವತ್ತಿಂದು ಅವರ ಟ್ರಿಪ್ಪು. ನೀನೇ ಬಂದು ಕರಿ. ಬೇಗ ಕರಿ.”

ಆ ‘ನೀನೇ’ ನನ್ನ ಎದೆಗೆ ಚುಚ್ಚಿತು. ನಾಲ್ಕು ಜನರ ಮುಂದೆ ನಗಿಸಿದ್ದು ಸಾಲದೆಂದು ಈಗ ಅಂಗಡಿಗೆ ಬಂದು ತಲೆ ಬಗ್ಗಿಸಬೇಕಂತೆ ಎಂದುಕೊಂಡೆ. ಸೀಟು ಮಾತ್ರ ಮಾಡಿದೆ. ಡ್ರೈವರ್ ಸೀಟಿನ ಪಕ್ಕಕ್ಕೆ, ಅಗಲವಾದದ್ದು, ಕೆಳಗೆ ಆರು ಸ್ಪ್ರಿಂಗು, ಮೇಲೆ ಮೆತ್ತನೆಯ ರೆಕ್ಸಿನ್ನು, ಹಿಡಿದುಕೊಳ್ಳಲು ಒಂದು ಕಂಬಿ. ನನ್ನ ಜೀವನದಲ್ಲಿ ಅಂಥ ಸೀಟು ಯಾವ ಗಿರಾಕಿಗೂ ಮಾಡಿಕೊಟ್ಟಿಲ್ಲ. ಕರೆಯಲು ಹೋಗಲಿಲ್ಲ. ಅತ್ತಿಗೆ ದಿನಾ ಬೈದರು: “ನಿನ್ನ ಕಾಲಿಗೇನಾಗಿದೆ? ನಿಮ್ಮಣ್ಣನ ಕಾಲಾದ್ರೂ ಎದ್ದೀತು, ನಿಂದು ಏಳಲ್ಲ.” ಕೊನೆಗೆ ಬೀಗ ರಿಪೇರಿಯವನ ಕೈಯಲ್ಲಿ ಹೇಳಿ ಕಳಿಸಿದೆ. ‘ಬಾಯಿ ಇರೋನು ಬರ್ಲಿ’ ಎಂದು ಉತ್ತರ ಬಂತು. ಬರಲ್ಲ ಎಂದುಕೊಂಡೆ. ಅವರೂ ಹಟಮಾರಿ, ನಾನೂ ಹಟಮಾರಿ. ಹೀಗೇ ಎಂಟು ತಿಂಗಳು.

ಒಂದು ಬೆಳಿಗ್ಗೆ ಅಂಗಡಿಯ ಷಟರ್ ಇಳಿದಿತ್ತು. ಮರುದಿನವೂ ಇಳಿದಿತ್ತು. ಬೀಗ ರಿಪೇರಿಯವನನ್ನು ಕೇಳಿದೆ. ಮಗಳು ಬಂದು ಕರೆದುಕೊಂಡು ಹೋದಳು, ಎರಡೂ ಕಣ್ಣು ಪೂರ್ತಿ ಹೋಯಿತಲ್ಲ ಎಂದ. ನಾನು ನಂಬದೆ ನಿಂತದ್ದು ನೋಡಿ, “ಒಂದೂವರೆ ವರ್ಷದಿಂದ ಮಬ್ಬು ಮಬ್ಬು ಅಷ್ಟೇ. ಎದುರಿಗೆ ಬಂದು ನಿಂತೋರ ಮುಖಾನೇ ಗೊತ್ತಾಗ್ತಿರ್ಲಿಲ್ಲ. ನಿಂಗೊತ್ತಿರ್ಲಿಲ್ವಾ?” ಎಂದ.

ಮುಖ ನೋಡದೆ ಮಾತಾಡಿದ್ದು, ಗೋಡೆ ಸವರಿದ್ದು, ತ್ರಿಕೋನ ಎಲ್ಲಿದೆ ಎಂದದ್ದು, ‘ಬೇಗ ಕರಿ’ ಎಂದದ್ದು ಒಂದರ ಹಿಂದೆ ಒಂದು ಕಣ್ಣ ಮುಂದೆ ಹಾದುಹೋಯಿತು. ಆ ಚಿತ್ರ ಮಾತ್ರ ಎಲ್ಲೂ ಎಡವಲಿಲ್ಲ.

ಮಗಳ ಮನೆ ಹುಡುಕಿಕೊಂಡು ಹೋದೆ. ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೆಜ್ಜೆಯಲ್ಲೇ ಗುರುತು ಹಿಡಿದರು. ಅಣ್ಣ ದಿನಾ ಊರು ತಲುಪುತ್ತಾರಾ ಎಂದು ಕೇಳಿದರು. ತಲುಪುತ್ತಾನೆ ಎಂದೆ. ಫ್ಯಾನು ಎರಡೂ ಒಂದೇ ಸಮ ಇದೆಯಾ ಎಂದರು. ಇದೆ ಎಂದೆ. ಕೊನೆಗೆ ನನ್ನ ಬಾಯಿಂದ ಬಂತು:

“ಕರಿಯೋಕೆ ಬಂದಿದೀನಿ ಮಾವ. ಸೀಟು ರೆಡಿ ಇದೆ.”

ಅವರು ಬಿಸಿಲಿನಿಂದ ಮುಖ ತಿರುಗಿಸದೆ ಹೇಳಿದರು:

“ನಾನು ಕೇಳಿದ್ದು ಕೂರೋಕಲ್ಲಪ್ಪಾ. ನೋಡೋಕೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದರು. ಅದಕ್ಕೂ ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡ ಸುದ್ದಿ ಬಂತು.

ಅಣ್ಣ ಈಗಲೂ ಮಧ್ಯಾಹ್ನ ಮೂರಕ್ಕೆ ಪರದೆ ಎಳೆಸಿ ಬಸ್ಸು ಹೊರಡಿಸುತ್ತಾನೆ. ಮರ, ಬೆಟ್ಟ, ಸೇತುವೆ, ಗಡಿಯಾರ ಕಂಬ. ಆ ಪಕ್ಕದ ಸೀಟಿನಲ್ಲಿ ಅತ್ತಿಗೆ ಕೂರಲ್ಲ, ನಾನೂ ಕೂರಲ್ಲ. ವಾರಕ್ಕೊಮ್ಮೆ ಧೂಳು ಒರೆಸುವಾಗ ಅಂಗೈಯಿಂದ ಒತ್ತಿ ನೋಡುತ್ತೇನೆ. ಆರು ಸ್ಪ್ರಿಂಗೂ ಮಾಡಿದ ದಿನ ಎಷ್ಟು ಗಟ್ಟಿ ಇದ್ದವೋ ಅಷ್ಟೇ ಗಟ್ಟಿ ಇವೆ.