ಹಳೆಯ ಬೆಲ್ಟ್ ನಿಲ್ಲಿಸಬೇಡಿ

"ಇಲ್ಲೊಂದು ಸಹಿ ಹಾಕಿ ಮೇಡಂ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ," ಎಂದು ನನ್ನ ಮೇಲಧಿಕಾರಿ ಕಾಗದವನ್ನು ಮುಂದೆ ತಳ್ಳಿದರು. ನಾನು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

ನಾನು ಆಗ ಒಂದು ವಿಮಾನ ನಿಲ್ದಾಣದ ಇಂಜಿನಿಯರಿಂಗ್ ವಿಭಾಗದಲ್ಲಿದ್ದೆ. ಪ್ರಯಾಣಿಕರ ಬ್ಯಾಗುಗಳನ್ನು ಹೊತ್ತೊಯ್ಯುವ ಬೆಲ್ಟುಗಳು, ಅವುಗಳ ಒಳಗನ್ನು ನೋಡುವ ಎಕ್ಸ್‌ರೇ ಯಂತ್ರಗಳು ನನ್ನ ಸುಪರ್ದಿಯಲ್ಲಿದ್ದವು. ನಮ್ಮಲ್ಲಿ ಇನ್ನೂ ಹಳೆಯ ಕ್ರಮವೇ ನಡೆದಿತ್ತು. ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಹಾಲಿನ ನಡುವೆ ದೊಡ್ಡದೊಂದು ಯಂತ್ರ, ಅದರ ಮುಂದೆ ಉದ್ದದ ಸಾಲು. ಯಾವುದಾದರೂ ಬ್ಯಾಗಿನ ಮೇಲೆ ಅನುಮಾನ ಬಂದರೆ ಅಲ್ಲೇ, ಎಲ್ಲರ ಕಣ್ಣೆದುರೇ ಬಿಚ್ಚಿಸುತ್ತಿದ್ದರು. ಹೊಸ ವ್ಯವಸ್ಥೆ ಬಂದರೆ ಪ್ರಯಾಣಿಕರು ಕೌಂಟರಿನಲ್ಲಿ ಬ್ಯಾಗ್ ಕೊಟ್ಟು ಮುಂದೆ ಹೋಗಬಹುದು. ಬ್ಯಾಗು ಗೋಡೆಯ ಹಿಂದೆ ಬೆಲ್ಟಿನ ಮೇಲೆ ಸಾಗುತ್ತಿರುವಾಗಲೇ ತಪಾಸಣೆ ಮುಗಿಯುತ್ತದೆ. ಯಂತ್ರ ಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕೆಲಸವನ್ನು ಯಾವ ಬಗೆಯಲ್ಲಿ, ಯಾರ ಕೈಗೆ ಕೊಡಬೇಕು ಎಂಬಲ್ಲಿ ಜಗಳ ಶುರುವಾಯಿತು.

ಮೇಲಧಿಕಾರಿಗೆ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿರಬೇಕಿತ್ತು. ನಕ್ಷೆಯೂ ಅವರದೇ, ಕಟ್ಟುವುದೂ ಅವರೇ. ಒಂದು ದರ, ಒಂದು ದಿನಾಂಕ, ಕೊನೆಗೆ ರಿಬ್ಬನ್ನು ಕತ್ತರಿಸಿ ಉದ್ಘಾಟನೆ. ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ನಮ್ಮ ಕಟ್ಟಡ ಆಗಾಗ ಒಂದೊಂದು ಕಡೆ ಬೆಳೆದದ್ದು. ಅದರ ನೆಲದಡಿ ಏನೇನಿದೆ ಎಂದು ಕೇಳಿದರೆ ಒಂದು ನಕ್ಷೆ ಒಂದು ಹೇಳುತ್ತಿತ್ತು, ಇನ್ನೊಂದು ಮತ್ತೊಂದು ಹೇಳುತ್ತಿತ್ತು. ಕಾಣದ್ದಕ್ಕೆಲ್ಲ ಇವತ್ತೇ ದರ ಕಟ್ಟಿ ಒಪ್ಪಂದ ಮುಗಿಸಿದರೆ, ನಾಳೆ ನೆಲ ಅಗೆದಾಗ ಏನಾದರೂ ಅಡ್ಡ ಬಂದರೆ ಕಂಪನಿಯವರು ಕೈಕಟ್ಟಿ ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚಾಗಿ, ದಿನಾಂಕ ತಪ್ಪಬಾರದೆಂದು ಹಳೆಯ ಬೆಲ್ಟನ್ನೂ ಹಾಲಿನ ಯಂತ್ರವನ್ನೂ ಮೊದಲೇ ಕಿತ್ತುಹಾಕುವ ಯೋಚನೆ ಮೇಲಧಿಕಾರಿಯದಾಗಿತ್ತು.

"ಇಂಜಿನಿಯರಿಂಗ್ ವಿಭಾಗ ಇದನ್ನು ಶಿಫಾರಸು ಮಾಡಿದೆ ಎಂದು ಬರೆದಿದ್ದೀರಿ. ಆ ವಿಭಾಗ ನಾನು. ನಾನು ಮಾಡಿಲ್ಲ," ಎಂದೆ.

ಅವರು ಸಿಟ್ಟು ತೋರಿಸುವವರಲ್ಲ. ನಕ್ಕರು. "ನಿಮಗೆ ರಜೆ ಬಹಳ ಉಳಿದಿರಬೇಕಲ್ಲ? ಊರಿಗೆ ಹೋಗಿ ಬನ್ನಿ. ತಲೆ ತಣ್ಣಗಾಗುತ್ತದೆ."

ಹೀಗೆ ಕೇಳದೇ ಸಿಕ್ಕ ರಜೆಯಲ್ಲಿ ಕುಮಟಾಕ್ಕೆ ಬಂದಿಳಿದೆ. ಅಮ್ಮ ಅಲ್ಲಿನ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಪೇಟೆಯ ಬಾಡಿಗೆ ಮನೆಯಲ್ಲಿ ನನ್ನ ತಂಗಿಯ ಸಂಸಾರದ ಜೊತೆಗಿದ್ದಳು. ವಿಷಯ ಕೇಳಿದ ಮೇಲೆ ಬಸಳೆ ಸೊಪ್ಪು ಸೋಸುತ್ತಲೇ ನನ್ನನ್ನು ಒಮ್ಮೆ ನೋಡಿದಳು.

"ಸಹಿ ಹಾಕಿದ್ರೆ ನಿಂಗೆಂತ ಆಗ್ತಿತ್ತು? ಊರಿಗಿಲ್ದ ಉಸಾಬರಿ ನಿಂಗೆಂತಕ್ಕೆ?"

"ನಾಳೆ ಬೆಲ್ಟು ನಿಂತ್ರೆ ಫೋನು ಬಪ್ಪುದು ಯಂಗೆ ಅಮ್ಮಾ. ಬಯ್ಗುಳ ತಿನ್ನದೂ ಆನೇ." ನಮ್ಮ ಮನೆಮಾತಿನಲ್ಲಿ ಆನು ಎಂದರೆ ನಾನು, ಯಂಗೆ ಎಂದರೆ ನನಗೆ, ನಂಗ ಎಂದರೆ ನಾವು.

ಅಮ್ಮ ಒಂದು ಬಾಡಿದ ಎಲೆಯನ್ನು ಬದಿಗೆ ಎಸೆದಳು. "ಹಂಗಾರೆ ಹಾಕಡ. ಮಾವನ ಹತ್ರ ಒಂದ್ಸಲ ಕೇಳು. ಜಲ್ಮ ಪೂರ್ತಿ ಇದೇ ಟೆಂಡರ್ ಮಾಡ್ಕಂಡು ಕೂತವ ಅಂವ."

ಸೋದರಮಾವ ಹೊನ್ನಾವರದಲ್ಲಿದ್ದ. ರಸ್ತೆ, ಮೋರಿ, ಸೇತುವೆ ಎಂದು ಸರ್ಕಾರಿ ಕೆಲಸದಲ್ಲಿ ಜೀವಮಾನ ಕಳೆದವನು. ಮರುದಿನ ಹೋದೆ. ಶರಾವತಿಯ ಕಡೆಗೆ ತೆರೆದ ಅವನ ಜಗುಲಿಯಲ್ಲಿ ಕೂತು ನಾನು ಎಲ್ಲವನ್ನೂ ಹೇಳಿದೆ. ಅವನು ಎಲೆಯಡಿಕೆಯ ಕವಳ ಹಾಕಿ ಮೆಲ್ಲುತ್ತ ಕೇಳಿದ.

"ಒಂದೇ ಕಂಪನಿಗೆ ಎಲ್ಲ ಕೊಡದು ಯಂಗೂ ಸರಿ ಕಾಣ್ತಿಲ್ಲೆ," ಎಂದ ಕೊನೆಗೆ. "ಮೊದ್ಲು ನಿಂಗಳ ನಕ್ಷೆ ಪೂರ್ತಿ ಮಾಡಿ. ಆಮೇಲೆ ಟೆಂಡರ್ ಕರೀರಿ. ಕಮ್ಮಿ ದರದವಂಗೆ ಕೊಡಿ. ಯಾರಿಗೂ ಬೆರಳು ತೋರ್ಸಲೆ ಆಗ್ತಿಲ್ಲೆ."

"ನೆಲ ಅಗೀದೆ ನಕ್ಷೆ ಪೂರ್ತಿ ಆಗ್ತಿಲ್ಲೆ ಮಾವ. ನಕ್ಷೆ ಪೂರ್ತಿ ಆದ ಮೇಲೆ ಬಪ್ಪ ಕಂಟ್ರಾಕ್ಟರ್ ಇದು ಕಟ್ಟಲೆ ಬತ್ತಿಲ್ಲೆ ಅಂದ್ರೆ ಎಂತ ಮಾಡದು? ಮತ್ತೆ ನಕ್ಷೆ, ಮತ್ತೆ ಟೆಂಡರ್?"

"ನಂಗ ಸೇತುವೆ ಹೆಂಗೆ ಕಟ್ಟಿದ್ಯ? ಹಳೇದು ನಿಂತೇ ಇತ್ತು. ಪಕ್ಕದಲ್ಲಿ ಹೊಸ್ದು ಕಟ್ಟಿ ಗಾಡಿ ತಿರುಗ್ಸಿದ್ಯ."

"ಯಂಗೆ ಪಕ್ಕದಲ್ಲಿ ಜಾಗವೇ ಇಲ್ಲೆ. ಹಳೇ ಬೆಲ್ಟಿನ ಹೊಟ್ಟೆ ಒಳ್ಗೇ ಹೊಸ್ದು ಕೂರ್ಸವು, ಅದು ಓಡ್ತಾ ಇಪ್ಪಗಳೇ."

ಮಾವ ಅಂಗಳಕ್ಕೆ ಹೋಗಿ ಉಗಿದು ಬಂದ. "ಹಂಗಾರೆ ಯನ್ನ ದಾರಿನೂ ಆಗ್ತಿಲ್ಲೆ, ನಿನ್ನ ಸಾಹೇಬಂದೂ ಆಗ್ತಿಲ್ಲೆ. ನೀನೇ ಒಂದು ಹುಡ್ಕು," ಎಂದು ಊಟಕ್ಕೆ ಎಬ್ಬಿಸಿದ. ಸೋತ ಬೇಸರ ಅವನ ಮುಖದಲ್ಲಿರಲಿಲ್ಲ. ನನಗೆ ಮಾತ್ರ ಬೇರೊಬ್ಬರ ಬೆಂಬಲ ಸಿಗುತ್ತದೆಂದು ಬಂದು ಬರಿಗೈಯಲ್ಲಿ ಹೋಗುವಂತಾಯಿತು.

ನನ್ನ ಮನಸ್ಸಿನಲ್ಲಿದ್ದ ಮೂರನೆಯ ದಾರಿ ಇಷ್ಟೇ. ಕಟ್ಟುವವರನ್ನು ದರ ನೋಡಿ ಆರಿಸದೆ, ಇಂಥ ಕೆಲಸ ಮಾಡಿದ ಅನುಭವ ನೋಡಿ ಮೊದಲೇ ಆರಿಸುವುದು. ನಕ್ಷೆ ಬರೆಯುವಾಗಲೇ ಅವರನ್ನು ನಮ್ಮ ಮೇಜಿಗೆ ಕೂರಿಸುವುದು. ಮೊದಲ ಕೆಲಸವಾಗಿ ನೆಲ ಬಿಚ್ಚಿ ನೋಡಿಸುವುದು, ಆಮೇಲೆ ಒಂದೊಂದು ಹಂತಕ್ಕೂ ಬೇರೆ ಬೇರೆ ದರ ಒಪ್ಪಿಕೊಳ್ಳುವುದು. ಹೇಳಲು ಸುಲಭ, ಆದರೆ ಕೊನೆಯ ಮೊತ್ತ ಎಷ್ಟು ಎಂದು ಮೊದಲ ದಿನವೇ ಕೇಳುವವರಿಗೆ ಇದರಲ್ಲಿ ಉತ್ತರವಿಲ್ಲ. ಅದು ನನಗೂ ಗೊತ್ತಿತ್ತು.

ಆ ವಾರವೇ ಭಟ್ಕಳಕ್ಕೆ ಹೋದೆ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳಾಗಿದ್ದ ಗೆಳತಿ ಅಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸು ನಡೆಸುತ್ತಾಳೆ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನನ್ನ ಜೊತೆ ಕನ್ನಡ, ಮೂರರಲ್ಲೂ ಜಗಳವಾಡಬಲ್ಲವಳು. ಗಲ್ಫಿಗೆ ಹೋಗಿಬರುವ ಅರ್ಧ ಊರು ಅವಳ ಕೌಂಟರ್ ದಾಟಿಯೇ ಹೋಗುತ್ತದೆ.

"ಎಂತ ಮಾರಾಯ್ತಿ, ವಾರದ ಮಧ್ಯ ಬಂದೆ? ಯಾರನ್ನ ಬೈದೆ?" ಎಂದಳು ನೋಡಿದ ಕೂಡಲೇ.

ಎಲ್ಲವನ್ನೂ ಹೇಳಿದೆ. ಒಪ್ಪಂದದ ಬಗೆಗಳು, ದರ, ನೆಲದಡಿಯ ಕೇಬಲ್ಲು, ಯಾರ ತಪ್ಪಿಗೆ ಯಾರು ಹೊಣೆ ಎಂಬುದನ್ನೆಲ್ಲ. ಅವಳು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಆತು, ನೀ ಹೇಳೂದೆಲ್ಲ ಆತು. ನೀವು ಕಟ್ಟೂವಾಗ ನನ್ನ ಜನ ಎಲ್ಲಿ ನಿಲ್ತಾರೆ? ಅದನ್ನ ಹೇಳು."

ಇಷ್ಟು ದಿನ ನಾನು ಕಂಪನಿಯ ಅಪಾಯ, ನಿಲ್ದಾಣದ ಅಪಾಯ ಎಂದು ಲೆಕ್ಕ ಹಾಕುತ್ತಿದ್ದೆ. ಪ್ರಯಾಣಿಕರ ಮಾತು ಬಂದಾಗ ಅವರನ್ನು ಗಂಟೆಗೆ ಇಷ್ಟು ಬ್ಯಾಗ್ ಎಂದು ಎಣಿಸುತ್ತಿದ್ದೆ.

ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಟಿಕೆಟ್ಟಿಗಾಗಿ ಒಳಬಂದರು. ಮಗಳ ಬಾಣಂತನಕ್ಕೆ ದುಬೈಗೆ ಹೊರಟವರು. ನಾನು ಎಲ್ಲಿ ಕೆಲಸ ಮಾಡುವವಳೆಂದು ಗೆಳತಿ ಹೇಳಿದ್ದೇ ತಡ, ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಕಳೆದ ಸಲ ಕೊಬ್ಬರಿ ಎಣ್ಣೆಯ ಕ್ಯಾನು, ಹಲ್ವಾದ ಡಬ್ಬಿ ಯಂತ್ರದಲ್ಲಿ ಕಪ್ಪಗೆ ಕಂಡವಂತೆ. ಬ್ಯಾಗು ಬಿಚ್ಚಿಸಿದರು. ಹಿಂದೆ ನಿಂತ ಸಾಲಿನವರೆಲ್ಲ ನೋಡುತ್ತಿರುವಾಗ ತನ್ನ ಒಳಬಟ್ಟೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟದ್ದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಹೊಸ ಯಂತ್ರ ಬಂದ ಮೇಲೆ ಬಿಚ್ಚುವುದಿಲ್ಲವೇ ಎಂದು ಕೇಳಿದರು.

"ಕೆಲವನ್ನು ಆಗಲೂ ಬಿಚ್ಚಬೇಕಾಗುತ್ತದೆ ಅಮ್ಮಾ. ಆದರೆ ಕಡಿಮೆ. ಬಿಚ್ಚಿದರೂ ಬೇರೆ ಕೋಣೆಯಲ್ಲಿ, ಸಾಲಿನೆದುರು ಅಲ್ಲ," ಎಂದೆ.

ಅವರು ಗೆಳತಿಗೆ ನವಾಯತಿಯಲ್ಲಿ ಏನೋ ಅಂದರು. ಅವಳು ನಕ್ಕಳು. "ಇವಳು ಸುಳ್ಳು ಹೇಳಲಿಲ್ಲ, ಪರವಾಗಿಲ್ಲ ಅಂತಿದ್ದಾರೆ."

ಆ ಹೆಂಗಸು ಹೋದ ಮೇಲೆ ನನ್ನ ಫೋನು ಬಡಿದುಕೊಂಡಿತು. ಆಫೀಸಿನ ಸಹೋದ್ಯೋಗಿಯೊಬ್ಬರು. ಮುಂದಿನ ವಾರ ಆಗಬೇಕಿದ್ದ ನಿರ್ಧಾರದ ಸಭೆಯನ್ನು ಆ ಮಧ್ಯಾಹ್ನಕ್ಕೇ ಕರೆದಿದ್ದರು. ಬೇಕಿದ್ದರೆ ಫೋನಿನಲ್ಲೇ ಸೇರಬಹುದು, ಸೇರದಿದ್ದರೂ ನಡೆಯುತ್ತದೆ ಎಂದರು. ಸೇರದಿದ್ದರೇ ಒಳ್ಳೆಯದು ಎಂಬುದು ಅವರ ದನಿಯಲ್ಲಿತ್ತು. ಪಾಪ, ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಗೆಳತಿ ಒಳಕೋಣೆಯ ಮೇಜಿನ ಮೇಲಿದ್ದ ಕ್ಯಾಲೆಂಡರ್ ಕಟ್ಟುಗಳನ್ನು ನೆಲಕ್ಕಿಳಿಸಿ ತನ್ನ ಲ್ಯಾಪ್‌ಟಾಪ್ ತಂದಿಟ್ಟಳು. ಫ್ಯಾನ್ ಹಾಕಿ, ಬಾಗಿಲು ಎಳೆದುಕೊಂಡು ಹೋದಳು.

ಪರದೆಯ ಮೇಲೆ ನನ್ನ ಮುಖ ಕಂಡಾಗ ಮೇಲಧಿಕಾರಿ ಹುಬ್ಬೇರಿಸಿದರು. "ಮೇಡಂ ರಜೆಯಲ್ಲಿದ್ದಾರೆ. ಕೇಳಿಸಿಕೊಳ್ಳುತ್ತಿರಲಿ, ಸಾಕು."

ಯೋಜನೆಗೆಂದು ನಿಲ್ದಾಣ ನೇಮಿಸಿಕೊಂಡಿದ್ದ ಸಲಹೆಗಾರರು ತಮ್ಮ ಚಿತ್ರಗಳನ್ನು ತೋರಿಸಿ ಮುಗಿಸಿದರು. ಒಂದೇ ಒಪ್ಪಂದ, ಒಂದೇ ಹೊಣೆ, ಬೇಗ ಮುಕ್ತಾಯ. ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, ಇಲ್ಲ ಎಂಬ ಉತ್ತರಕ್ಕೆ ಎಲ್ಲರೂ ಸಿದ್ಧರಾಗಿದ್ದರು.

"ಕೇಳಿಸಿಕೊಂಡೆ. ಈಗ ಹೇಳುತ್ತೇನೆ," ಎಂದೆ. "ಹಳೆಯ ಬೆಲ್ಟ್ ಕಿತ್ತ ದಿನದಿಂದ ಹೊಸದು ಓಡುವವರೆಗೆ ಬ್ಯಾಗುಗಳ ತಪಾಸಣೆ ಎಲ್ಲಿ ನಡೆಯುತ್ತದೆ?"

"ತಾತ್ಕಾಲಿಕ ವ್ಯವಸ್ಥೆಯನ್ನು ಕಂಪನಿ ಮಾಡುತ್ತದೆ," ಎಂದರು ಸಲಹೆಗಾರರು.

"ಎಲ್ಲಿ?"

"ಅದು ಮುಂದಿನ ಹಂತದ ವಿವರ."

"ಎಲ್ಲಿ, ಸರ್? ಹಾಲಿನ ನಕ್ಷೆ ನಿಮ್ಮ ಮುಂದಿದೆ. ಯಂತ್ರ ಎಲ್ಲಿ, ಸಾಲು ಎಲ್ಲಿ, ಬಿಚ್ಚುವ ಮೇಜು ಎಲ್ಲಿ ಎಂದು ಬೆರಳಿಟ್ಟು ತೋರಿಸಿ."

ಮೇಲಧಿಕಾರಿ, "ಮೇಡಂ, ಸಭೆಯ ಸಮಯ ಹಾಳು ಮಾಡಬೇಡಿ," ಎಂದರು.

ಆಗ ನಿಲ್ದಾಣದ ಭದ್ರತಾ ಪಡೆಯ ಮುಖ್ಯಸ್ಥರು ತಮ್ಮ ಮೈಕು ತೆರೆದರು. ಹೆಚ್ಚು ಮಾತಿನವರಲ್ಲ, ನನ್ನ ಸ್ನೇಹಿತರೂ ಅಲ್ಲ. "ನನ್ನ ಸಿಬ್ಬಂದಿ ಆ ಸಾಲಿನೆದುರು ನಿಲ್ಲುವವರು. ನನಗೂ ಉತ್ತರ ಬೇಕು. ಎಲ್ಲಿ?" ಎಂದರು.

ಯಾರೂ ಬೆರಳಿಡಲಿಲ್ಲ. ಬೇರೆ ಮಾತು ಶುರುವಾಗುವ ಮೊದಲೇ ನಾನು ನನ್ನ ಮೂರನೆಯ ದಾರಿಯನ್ನು ಹೇಳಿಬಿಟ್ಟೆ. ನಿಜವಾದ ಬ್ಯಾಗುಗಳನ್ನು ಹಾಕಿ ಮಾಡಿದ ಪರೀಕ್ಷೆಯಲ್ಲಿ ಹೊಸ ಬೆಲ್ಟು ಪಾಸಾಗುವವರೆಗೆ ಹಳೆಯದನ್ನು ನಿಲ್ಲಿಸಬಾರದು ಎಂಬ ಷರತ್ತನ್ನೂ ಸೇರಿಸಿದೆ. ಹಂತದ ದರ ನಮಗೆ ಒಪ್ಪಿಗೆಯಾಗದಿದ್ದರೆ ಕೈಯಲ್ಲಿರುವ ನಕ್ಷೆ ಹಿಡಿದು ಬೇರೆಯವರನ್ನು ಕರೆಯುವ ಹಕ್ಕು ನಮ್ಮಲ್ಲೇ ಇರಲಿ ಎಂದೆ.

"ನಮ್ಮಲ್ಲಿ ಹೀಗೆ ಯಾರೂ ಮಾಡಿದ್ದಿಲ್ಲ," ಎಂದರು ಮೇಲಧಿಕಾರಿ.

"ಈ ಯಂತ್ರವನ್ನೂ ನಮ್ಮಲ್ಲಿ ಯಾರೂ ಕೂರಿಸಿದ್ದಿಲ್ಲ, ಸರ್."

"ನೀವು ಹಠ ಮಾಡುತ್ತಿದ್ದೀರಿ."

"ಹೌದು," ಎಂದೆ. "ಮಾಡುತ್ತಿದ್ದೇನೆ."

ಹೊರಗೆ ಗೆಳತಿ ಯಾರಿಗೋ ವೀಸಾದ ವಿಷಯದಲ್ಲಿ ಗದರುವುದು ಕೇಳುತ್ತಿತ್ತು, ಆ ದನಿ ಕೇಳಿ ಏನೋ ಧೈರ್ಯ ಬಂತು.

ಆ ದಿನ ಯಾವ ನಿರ್ಧಾರವೂ ಆಗಲಿಲ್ಲ. ನಾನು ಮರಳಿ ಕೆಲಸಕ್ಕೆ ಹೋದ ಮೇಲೂ ಬಹಳ ದಿನ ಎಳೆದಾಡಿದರು. ಎಲ್ಲಿ ಎಂಬ ಪ್ರಶ್ನೆಗೆ ಯಾರಿಂದಲೂ ಉತ್ತರ ಬರದೆ ಕೊನೆಗೆ ನಾನು ಹೇಳಿದ ದಾರಿಯೇ ಆಯಿತು. ಆದರೆ ಯೋಜನೆಯ ಮುಖ್ಯಸ್ಥೆಯ ಜಾಗದಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರನ್ನು ಕೂರಿಸಿದರು. "ನಿರ್ವಹಣೆಯ ಕೆಲಸವೇ ನಿಮಗೆ ಸಾಕಷ್ಟಿದೆಯಲ್ಲ," ಎಂಬ ಕಾರಣ ಕೊಟ್ಟರು. ಸಭೆಗಳಿಗೆ ನನ್ನನ್ನು ಕರೆಯುತ್ತಿರಲಿಲ್ಲ. ನಾನು ಹೋಗುತ್ತಿದ್ದೆ. ಕುರ್ಚಿ ಇಲ್ಲದಿದ್ದರೆ ಗೋಡೆಗೊರಗಿ ನಿಂತು ಕೇಳುತ್ತಿದ್ದೆ, ಸರಿಯಿಲ್ಲದ್ದನ್ನು ಸರಿಯಿಲ್ಲ ಎನ್ನುತ್ತಿದ್ದೆ. ಹೊರಗೆ ಹೋಗಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬೆಲ್ಟಿನ ಯಾವ ಮೋಟಾರು ಯಾವಾಗ ಮುನಿಸಿಕೊಳ್ಳುತ್ತದೆ ಎಂದು ಕೇಳಲು ಅವರಿಗೆ ನಾನು ಬೇಕೇ ಆಗಿದ್ದೆ.

ನೆಲ ಬಿಚ್ಚಿದಾಗ ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಕಾಂಕ್ರೀಟ್ ಕಾಲುವೆಯೊಂದು ಸಿಕ್ಕಿತು. ಒಳಗೆ ಇನ್ನೂ ವಿದ್ಯುತ್ ಹರಿಯುತ್ತಿದ್ದ ಕೇಬಲ್. ಹೊಸ ಬೆಲ್ಟು ಹಾಯಬೇಕಿದ್ದ ದಾರಿಗೇ ಅಡ್ಡ. ಕಟ್ಟುವವರು ನಮ್ಮ ಜೊತೆಯಲ್ಲೇ ಕೂತಿದ್ದರಿಂದ ಪತ್ರಗಳ ಯುದ್ಧವಾಗಲಿಲ್ಲ, ನಕ್ಷೆಯ ಮೇಲೆ ಬೆಲ್ಟನ್ನು ಕೊಂಚ ಎತ್ತಿ ತಿರುಗಿಸಿದೆವು. ಎಲ್ಲವೂ ಸಲೀಸಾಯಿತು ಎನ್ನಲಾರೆ. ಒಂದು ಹಂತದ ದರಕ್ಕೆ ದೊಡ್ಡ ಜಗಳವಾಯಿತು, ಒಂದು ಮಳೆಗಾಲ ಪೂರ್ತಿ ಕೆಲಸ ಕುಂಟಿತು, ಮೇಲಧಿಕಾರಿ ಬಯಸಿದ್ದ ದಿನಾಂಕ ದಾಟಿಹೋಯಿತು. ಅದನ್ನು ಅವರು ಸಿಕ್ಕಲ್ಲೆಲ್ಲ ಎತ್ತಿ ಆಡಿದರು, ಆಡಲಿ. ಹಳೆಯ ಬೆಲ್ಟು ಮಾತ್ರ ಒಂದು ದಿನವೂ ನಿಲ್ಲಲಿಲ್ಲ, ಸಾಲು ರಸ್ತೆಗೆ ಬರಲಿಲ್ಲ.

ಹೊಸದು ಶುರುವಾದ ಮೇಲೆ ನನಗೆ ದೂರದ ಇನ್ನೊಂದು ನಿಲ್ದಾಣಕ್ಕೆ ವರ್ಗವಾಯಿತು. ಶಿಕ್ಷೆಯೆಂದು ಯಾರೂ ಹೇಳಲಿಲ್ಲ, ಬಡ್ತಿಯೆಂದೂ ಹೇಳಲಿಲ್ಲ. ಅಲ್ಲಿನ ಯಂತ್ರಗಳು ನಮ್ಮವಕ್ಕಿಂತ ಹಳೆಯವು. ಮೊದಲ ದಿನವೇ ಒಂದು ಸಭೆಯಿತ್ತು. ಯಾರೋ ಅಪರಿಚಿತರು ಸುಂದರವಾದ ಚಿತ್ರಗಳನ್ನು ತೋರಿಸುತ್ತ, ಎಲ್ಲವೂ ಒಂದೇ ಕೈಯಲ್ಲಿ ಎಂದು ವಿವರಿಸುತ್ತಿದ್ದರು. ಅವರು ಮಾತು ಮುಗಿಸಲಿ ಎಂದು ಕಾದೆ. ಆಮೇಲೆ, ಕರೆಯದಿದ್ದರೂ, ಕೈ ಎತ್ತಿದೆ.