ರಾಜರತ್ನ ಹಾಕಿದ ಪುಲ್ಲಿ

ಪಸ್ತಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಹೆಣ್ಣುಮಕ್ಕಳ ಸಂಘಕ್ಕೆ ಒಂದು ನವಣೆ ಯಂತ್ರವಿದೆ. ನವಣೆ, ಸಾವೆಗಳ ಹೊಟ್ಟು ಬಿಡಿಸಿ ಅಕ್ಕಿ ಮಾಡುವ ಯಂತ್ರ. ಅದನ್ನು ನಡೆಸುವವಳು ಸಾಯಮ್ಮ. ಸೆರಗನ್ನು ಮೂಗಿಗೆ ಬಿಗಿದುಕೊಂಡು, ಯಂತ್ರದ ಬಾಯಿಂದ ಬೀಳುವ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಾಳೆ. ಕಾಳು ಇಡಿಯಾಗಿ ಬಂದಿದ್ದರೆ ಇನ್ನೊಂದು ಬುಟ್ಟಿ ಸುರಿಯುತ್ತಾಳೆ. ಸುತ್ತಲಿನ ಊರಿನವರು ಅವಳ ಕೈಗುಣ ನಂಬಿ ಚೀಲ ಹೊತ್ತು ತರುತ್ತಿದ್ದರು.

ಅವಳ ತವರು ಕಲ್ಹೇರ್ ಕಡೆ. ತಾಯಿ ತೀರಿಕೊಂಡಾಗ ಸಾಯಮ್ಮ ತನ್ನ ಗಂಡ ತುಳಜಪ್ಪನ ಜೊತೆ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದಳು. ದಿಕ್ಕಿಲ್ಲದ ತಮ್ಮ ರಾಜರತ್ನನನ್ನು ಅಲ್ಲಿಗೇ ಕರೆಸಿಕೊಂಡಳು. ಕಾರ್ಖಾನೆಯ ಫಿಟ್ಟರ್‌ನನ್ನು ಕಾಡಿ ಬೇಡಿ ತಮ್ಮನಿಗೆ ಕೆಲಸ ಕಲಿಸಿದಳು. ಊಟದ ಡಬ್ಬಿ ಕೊಡಲು ಹೋದಾಗ ಅಲ್ಲಿ ಕೂತು ತಾನೂ ಒಂದಿಷ್ಟು ನೋಡುತ್ತಿದ್ದಳು. ತುಳಜಪ್ಪನಿಗೆ ಕಲ್ಲುಪುಡಿಯಿಂದ ಕೆಮ್ಮು ಹತ್ತಿದ ಮೇಲೆ ಗಂಡ ಹೆಂಡತಿ ಗಂಡನ ಊರಾದ ಈ ಹಳ್ಳಿಗೆ ಮರಳಿದರು. ರಾಜರತ್ನ ಜಹೀರಾಬಾದಿನಲ್ಲಿ ಮೋಟಾರು ರಿಪೇರಿ ಅಂಗಡಿ ಹಾಕಿದ. ಸಂಘದ ಯಂತ್ರ ಬಂದಾಗ ಅದರ ರಿಪೇರಿ ಕೆಲಸ ತಮ್ಮನಿಗೇ ಸಿಗಲೆಂದು ಸಂಘದ ಮುಖ್ಯಸ್ಥೆ ಜಗದೇವಿಗೆ ಹೇಳಿದವಳೂ ಸಾಯಮ್ಮನೇ.

ಎರಡು ವರ್ಷದ ಹಿಂದೆ, ನವಣೆ ಸುಗ್ಗಿ ಮುಗಿದಾಗ ಮೋಟಾರು ಕಿರುಗುಟ್ಟತೊಡಗಿತು. ರಾಜರತ್ನ ಬಂದು ಬಿಚ್ಚಿ, ಮೋಟಾರಿಗೆ ಬೆಲ್ಟ್ ಎಳೆಯುವ ಹೊಸ ಪುಲ್ಲಿಗಾಲಿ, ಹೊಸ ಬೆಲ್ಟ್ ಹಾಕಿದ.

"ಹಳೇದು ಸವದಿತ್ತು ಅಕ್ಕಾ. ಅಷ್ಟೇ ಸೈಜಿಂದು ಹಾಕೀನಿ," ಅಂದ.

ಅವಳು ಅವನಿಗೆ ಉಣ್ಣಲು ಬಡಿಸುವ ಗಡಿಬಿಡಿಯಲ್ಲಿದ್ದಳು. ಪುಲ್ಲಿಯ ಕಡೆ ನೋಡಲೇ ಇಲ್ಲ.

ಮರುದಿನದಿಂದ ಅಕ್ಕಿಯ ಬದಲು ನುಚ್ಚು ಬೀಳತೊಡಗಿತು. ಸಾಯಮ್ಮ ಕಾಳು ಬಿಸಿಲಿಗೆ ಹಾಕಿ ಒಣಗಿಸಿ ನೋಡಿದಳು, ಒಣಗಿಸದೆ ನೋಡಿದಳು. ಸ್ವಲ್ಪ ಸ್ವಲ್ಪವೇ ಸುರಿದು ನೋಡಿದಳು. ನುಚ್ಚೇ. ಜನರ ಗೊಣಗಾಟ ಜಾಸ್ತಿಯಾಗಿ ಜಗದೇವಿ ಎಲ್ಲರನ್ನೂ ಕೂಡಿಸಿದಳು. ರಾಜರತ್ನನನ್ನೂ ಕರೆಸಿದ್ದರು.

"ಮಶೀನದಾಗ ಏನೂ ಇಲ್ರಿ," ಅಂದ ಅವನು. ಅಕ್ಕನ ಕಡೆ ತಿರುಗಿ, "ನಿನ್ನ ಕೈ ಜೋರ್ ಅದ ಅಕ್ಕಾ. ನಿಧಾನಕ್ಕ ಹಾಕಾಕ ಕಲಿ," ಅಂದ.

ಯಾರೋ ಅವಳಿಗೆ ಕಣ್ಣು ಮಂದವಾಗಿದೆ ಅಂದರು. ತಮ್ಮನೇ ಹೇಳಿದ ಮೇಲೆ ಸಾಯಮ್ಮನಿಗೂ ತನ್ನ ಕೈಯ ಮೇಲೆ ಅನುಮಾನ ಬಂತು. ಜನ ಹೊಟ್ಟು ಬಿಡಿಸದ ಕಾಳನ್ನೇ ಜಹೀರಾಬಾದಿನ ವ್ಯಾಪಾರಿ ಶಂಕ್ರೆಪ್ಪನಿಗೆ ಮಾರತೊಡಗಿದರು. ಅವನು ಆಗಷ್ಟೇ ಹೊಸ ಮಿಲ್ಲು ತೆರೆದಿದ್ದ.

ಮುಂದೆ ಬೇಸಿಗೆಯಲ್ಲಿ ಯಂತ್ರದ ಬೆಲ್ಟ್ ಅಂಚಿನಲ್ಲಿ ಸೀಳಿತು. ಸಾಯಮ್ಮ ತಾನೇ ಪೇಟೆಗೆ ಹೋಗಿ, ಯಾವಾಗಲೂ ಕೊಳ್ಳುತ್ತಿದ್ದ ನಂಬರಿನ ಬೆಲ್ಟ್ ತಂದಳು. ಅದು ಕೂಡಲಿಲ್ಲ. ಮೋಟಾರನ್ನು ಆದಷ್ಟು ಯಂತ್ರದ ಹತ್ತಿರ ಸರಿಸಿದರೂ ಗಿಡ್ಡವಾಯಿತು. ಆಗ ಅವಳು ಮೋಟಾರಿನ ಪುಲ್ಲಿಯ ಮೇಲೆ ಅಂಗೈ ಇಟ್ಟಳು. ಹಳೆಯದು ಅಂಗೈಯಲ್ಲಿ ಮುಚ್ಚಿಹೋಗುತ್ತಿತ್ತು. ಇದು ಸುತ್ತಲೂ ಹೊರಗೆ ಉಳಿಯಿತು.

ತಾಂಡೂರಿನಲ್ಲಿ ಫಿಟ್ಟರ್ ತಮ್ಮನಿಗೆ ಅವಳ ಎದುರಿಗೇ ಹೇಳಿಕೊಡುತ್ತಿದ್ದ: ಮೋಟಾರು ಒಂದು ಸುತ್ತು ಬಂದರೆ ಅದರ ಪುಲ್ಲಿಯ ಸುತ್ತಳತೆಯಷ್ಟು ಬೆಲ್ಟ್ ಎಳೆಯುತ್ತದೆ. ಮೋಟಾರಿನ ಪುಲ್ಲಿ ದೊಡ್ಡದಾದಷ್ಟೂ ಹೆಚ್ಚು ಬೆಲ್ಟ್, ಆಚೆಯ ಯಂತ್ರಕ್ಕೆ ಹೆಚ್ಚು ವೇಗ. ವೇಗ ಇಳಿಸಬೇಕಾದರೆ ಮೋಟಾರಿಗೆ ಸಣ್ಣದು ಹಾಕಬೇಕು.

ಸೀಳಿದ ಬೆಲ್ಟನ್ನೇ ಮತ್ತೆ ಏರಿಸಿ, ಯಂತ್ರದ ಪುಲ್ಲಿಗೆ ಸುಣ್ಣದ ಗುರುತು ಹಾಕಿ, ಮೋಟಾರನ್ನು ಕೈಯಿಂದ ತಿರುಗಿಸಿದಳು. ಮೊದಲೆಲ್ಲ ಮೋಟಾರು ಎರಡು ಸುತ್ತು ಬಂದರೆ ಯಂತ್ರ ಒಂದು ಸುತ್ತು ಬರುತ್ತಿತ್ತು. ಈಗ ಅದೇ ಎರಡು ಸುತ್ತಿಗೆ ಯಂತ್ರ ಒಂದೂವರೆ ಸುತ್ತು ಬಂತು. ಅಷ್ಟು ಜೋರಿನಲ್ಲಿ ನವಣೆ ಇಡಿಯಾಗಿ ಉಳಿಯುವುದು ಹೇಗೆ? ಅವಳು ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟಳು. ತಮ್ಮನಿಗೆ ಅಳತೆ ತಪ್ಪಿರಬಹುದು ಎಂದು ಬಹಳ ಹೊತ್ತು ತನಗೆ ತಾನೇ ಹೇಳಿಕೊಂಡಳು.

ಮರುದಿನ ಹುಡುಕಿಕೊಂಡು ಹೋದಾಗ ರಾಜರತ್ನನ ಅಂಗಡಿಗೆ ಬೀಗವಿತ್ತು. ಅವನು ಶಂಕ್ರೆಪ್ಪನ ಮಿಲ್ಲಿನಲ್ಲಿ ದೊಡ್ಡ ಮೇಸ್ತ್ರಿಯಾಗಿದ್ದಾನೆ ಎಂದು ಪಕ್ಕದವರು ಹೇಳಿದರು. ಮಿಲ್ಲಿನ ಬಾಗಿಲಲ್ಲಿ ಅಕ್ಕನನ್ನು ಕಂಡು ಅವನ ಮುಖ ಸಣ್ಣದಾಯಿತು.

"ದೊಡ್ಡ ಪುಲ್ಲಿ ಹಾಕೀದಿ," ಅಂದಳು ಸಾಯಮ್ಮ.

ಅವನು ಇಲ್ಲ ಅನ್ನಲಿಲ್ಲ. "ನಿಮ್ಮ ಕಾಳು ಇಲ್ಲಿಗಿ ಬಂದ್ರ ನೌಕರಿ ಕೊಡ್ತೀನಿ ಅಂದಿದ್ರು ಸಾವ್ಕಾರ್ರು. ಮಶೀನ್ ಕೆಡಿಸಿಲ್ಲಕ್ಕಾ. ಬರೇ ಜೋರ್ ಮಾಡೀನಿ."

"ಅದು ಹೋಗ್ಲಿ. ಎಲ್ಲಾರೂ ನನ್ನ ಕೈದೇ ತಪ್ಪು ಅನ್ನೋವಾಗ ನೀ ಅಲ್ಲೇ ಕುಂತಿದ್ದಿ. ನೀನೂ ಅಂದಿ."

ಅವಳು ಬಸ್ಸು ಹಿಡಿದು ನೇರ ತಾಂಡೂರಿಗೆ ಹೋಗಿ, ಅದೇ ಮುದಿ ಫಿಟ್ಟರ್‌ನಿಂದ ಸಣ್ಣ ಪುಲ್ಲಿ ತಂದಳು. ತಾನೇ ಕೂಡಿಸಿದಳು. ನವಣೆ ಇಡಿಯಾಗಿ ಬಿತ್ತು.

ಜಗದೇವಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ, "ಹಂಗಾರ ಆ ದೊಡ್ಡ ಪುಲ್ಲಿ ಯಾರು ಹಾಕಿದ್ರವಾ?" ಎಂದು ಕೇಳಿದಳು.

"ನನ್ನ ತಮ್ಮ ಹಾಕಿದ್ದರಿ. ಬೇಕಂತಲೇ," ಅಂದಳು ಸಾಯಮ್ಮ. ಅವಳಿಗೆ ಕಣ್ಣು ಮಂದ ಅಂದವರು ಆ ಮಾತು ಮತ್ತೆ ಎತ್ತಲಿಲ್ಲ. ತಪ್ಪಾಯಿತೆಂದೂ ಅನ್ನಲಿಲ್ಲ.

ಗಿರಾಕಿಗಳಲ್ಲಿ ಅರ್ಧ ಜನ ತಿರುಗಿ ಬಂದರು. ಕಾಳು ಕಡಿಮೆಯಾಗಿ ಶಂಕ್ರೆಪ್ಪ ಮೊದಲು ಕೆಲಸದಿಂದ ಬಿಡಿಸಿದ್ದು ರಾಜರತ್ನನನ್ನೇ. ಒಂದು ಮಧ್ಯಾಹ್ನ ಅವನು ಅಕ್ಕನ ಮನೆಗೆ ಬಂದು, ಸಂಘದ ರಿಪೇರಿ ಕೆಲಸ ಮತ್ತೆ ಕೊಡಿಸಲು ಕೇಳಿದ. ಸಾಯಮ್ಮ ರೊಟ್ಟಿ ಬಡಿಸಿದಳು. ಅವನು ಉಂಡು ಕೈ ತೊಳೆಯುವವರೆಗೂ ಕಾದಳು.

"ಹಸಿದು ಬಂದ್ರ ಉಣ್ಣಾಕ ಇಕ್ಕತೀನಿ," ಅಂದಳು. "ಮಶೀನ್ ಮುಟ್ಟಾಕ ಬಿಡಲ್ಲ."

ಅವನು ಮೆಟ್ಟು ಮೆಟ್ಟಿಕೊಂಡು ಹೋದ. ಅವನು ಬಸ್ ನಿಲ್ದಾಣದ ದಾರಿ ಹಿಡಿದದ್ದನ್ನು ತುಳಜಪ್ಪ ಹೊಸ್ತಿಲಲ್ಲಿ ಕೂತು ನೋಡಿದ. ಸಾಯಮ್ಮ ಹೊರಗೆ ಬರಲಿಲ್ಲ. ಒಳಗೆ ಅವಳು ತಟ್ಟೆಯನ್ನು ತಿಕ್ಕಿದ್ದನ್ನೇ ತಿಕ್ಕುತ್ತಿದ್ದ ಸದ್ದು ಕೇಳುತ್ತಿತ್ತು.