ಕಷ್ಟದ ಕಣ್ಣು ಮೊದಲು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಯಾವಾಗಲೂ ಒಂದು ಹಸಿರು ಗೆರೆ ಇರುತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಅವರು ನಮಗೆ ವಿಜ್ಞಾನ ಕಲಿಸುವಾಗ ಅದನ್ನು ಎಲೆ ಅರೆದ ಕಲೆ ಎಂದುಕೊಂಡಿದ್ದೆ. ಅವರು ನಿವೃತ್ತರಾದ ಮೇಲೆ ಕಮರಿಪೇಟೆಯ ಮಾಳಿಗೆ ಮನೆಗೆ ಮೊದಲ ಸಲ ಹೋದಾಗ ತಿಳಿಯಿತು, ಅದು ರಾಕ್ಷಸರ ಮೈಬಣ್ಣ.

ಸಿನಿಮಾದ ರಾಕ್ಷಸರು ಡಬ್ಬಿಯಲ್ಲಿ ಪ್ಲಾಸ್ಟಿಕ್ ತುಂಡುಗಳಾಗಿ ಬರುತ್ತಾರೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಗೇಣುದ್ದದ ಗೊಂಬೆಗಳಾಗಿ ನಿಲ್ಲಿಸುವುದು ಅಕ್ಕೋರ ಹವ್ಯಾಸ. ಡಬ್ಬಿಯ ಮೇಲಿನ ಚಿತ್ರದಂತೆ ಮಾತ್ರ ಎಂದೂ ಮಾಡುತ್ತಿರಲಿಲ್ಲ.

"ಹಂಗ ಮಾಡಿದ್ರ ಅಂವ ಕಂಪನಿ ರಾಕ್ಷಸ ಆಗ್ತಾನ, ತಂಗಿ. ನಮ್ಮನ್ಯಾಗ ಇರಾಂವ ನಮ್ಮಾಂವ ಆಗಬೇಕು," ಎಂದು ನನಗೆ ಹೇಳುತ್ತಿದ್ದರು.

ಹೀಗಾಗಿ ಅವರ ತೋಳಮನುಷ್ಯ ನಮ್ಮೂರ ದುರ್ಗದಬೈಲು ಪೇಟೆಯ ವ್ಯಾಪಾರಿಯಂತೆ ಧೋತರ ಉಟ್ಟು ಕರಿ ಟೊಪ್ಪಿಗೆ ಇಟ್ಟಿದ್ದ. ಧೋತರದ ನೆರಿಗೆಗಳೆಲ್ಲ ಸೋರುವ ನಳಕ್ಕೆ ಮೆತ್ತುವ ಪುಟ್ಟಿಯವು.

ಅವರ ಮನೆಗೆ ಹೋದ ದಿನಗಳನ್ನೆಲ್ಲ ತಾರೀಖು ಹಾಕಿ ಬರೆದಿಡುವ ಚಾಳಿ ನನ್ನದು. ಹನ್ನೆರಡನೆಯ ರಾಕ್ಷಸನ ಹೊತ್ತಿಗೆ ಪುಟಗಳಲ್ಲಿ ಒಂದೇ ಸಾಲು ಮರಳಿ ಮರಳಿ ಬರತೊಡಗಿತು: ಅಕ್ಕೋರ ಕೈ ಇವತ್ತೂ ನಡುಗಿತು. ಡಾಕ್ಟರ ಗುಳಿಗೆಯಿಂದ ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಒಂದು ದಿನ ಕುದಿಯುವ ಚಹಾ ಪಾದದ ಮೇಲೆ ಚೆಲ್ಲಿತು.

ಧಾರವಾಡದಿಂದ ಅವರ ತಮ್ಮ ಓಡಿ ಬಂದರು. ಪಾದದ ಬ್ಯಾಂಡೇಜ್ ನೋಡಿದವರೇ, "ಸಾಕಿನ್ನ. ನಮ್ಮನಿಗೆ ನಡಿ," ಎಂದರು.

"ನನ್ನ ಮಂದೀನ್ನ ಎಲ್ಲಿ ಇಡ್ಲಿ?" ಅಕ್ಕೋರು ರಾಕ್ಷಸರ ಸಾಲಿನತ್ತ ಕೈ ತೋರಿಸಿದರು.

"ಅಲ್ಲಿ ಈ ಬಣ್ಣದ ವಾಸನಿ ನಡಿಯಂಗಿಲ್ಲಕ್ಕಾ. ಮಮ್ಮಗಗ ದಮ್ಮಿನ ಬ್ಯಾನಿ ಐತಿ, ನಿನಗ ಗೊತ್ತಿಲ್ಲೇನು?"

"ಹಂಗಾರ ನಾ ಬರಂಗಿಲ್ಲ."

ತಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಈ ಕೈಲೆ ಏನ್ ಮಾಡ್ತಿ? ಎಲ್ಲಿ, ನನ್ನ ಮುಂದ ಒಂದ ಕಣ್ಣ ಬರದ ತೋರಸು. ಬಂತಂದ್ರ ಇಲ್ಲೇ ಇರು. ಇಲ್ಲಂದ್ರ ನಾಳಿ ಗಾಡಿ ತರ್ತೇನಿ."

ಅಕ್ಕೋರು ಕನ್ನಡಕ ಒರೆಸಿಕೊಂಡರು. "ತಂಗಿ, ಫ್ಯಾನ್ ಬಂದ್ ಮಾಡು. ಎಲ್ಲಾಕ್ಕಿಂತ ಸಣ್ಣ ಕುಂಚ ಕೊಡು."

ಮೇಜಿನ ಮೇಲೆ ಹನ್ನೆರಡನೆಯವನು, ಒಬ್ಬ ಹಲ್ಲಿಮೂತಿಯವನು, ಬರೀ ಹಳದಿ ಗುಡ್ಡೆಗಳೊಂದಿಗೆ, ನೋಟವಿಲ್ಲದೆ ಕಾದಿದ್ದ. ಮೂತಿ ಒಂದು ಕಡೆ ವಾಲಿದ್ದರಿಂದ ಎಡಗಣ್ಣಿಗೆ ಕುಂಚ ಎಟುಕುವುದು ಕಷ್ಟ. ಅಕ್ಕೋರು ಅದನ್ನೇ ಮೊದಲು ಹಿಡಿದರು. ಅವರ ಪದ್ಧತಿಯೇ ಹಾಗೆ. "ಸಸಾರದ್ದು ಮೊದಲ ಬರದ್ರ, ಅದಕ್ಕ ಜೋಡಿ ಮಾಡೂದ್ರಾಗ ಜೀವಾ ಹೋಗತೈತಿ" ಎನ್ನುತ್ತಿದ್ದರು.

ಕುಂಚವನ್ನು ಕೈಯಲ್ಲಿ ಹಿಡಿಯಲಿಲ್ಲ. ಕರಿ ಬಣ್ಣದಲ್ಲಿ ಅದ್ದಿ, ಮೇಜಿಗೆ ಬಿಗಿದ ಇಕ್ಕಳಕ್ಕೆ ಕಚ್ಚಿಸಿದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ಕೈಯಿಂದ ರಾಕ್ಷಸನನ್ನು ಎತ್ತಿ ಕುಂಚದ ತುದಿಯ ಕಡೆ ತಂದರು.

"ಇದೇನಿದು? ಇದು ನಡೀತೈತೇನು?" ಎಂದರು ತಮ್ಮ.

"ಹೆಂಗ ಬರೀಬೇಕಂತ ನೀ ಹೇಳಿಲ್ಲ. ಸುಮ್ನ ಕುಂದ್ರು."

ಮೂತಿ ಕುಂಚದ ಮುಂದೆ ಅದುರಿತು. ಹಿಂದೆ ತೆಗೆದರು. ಮತ್ತೆ ತಂದರು, ಮತ್ತೆ ತೆಗೆದರು. ಕೆಳಗೆ ಬೀದಿಯಲ್ಲಿ ಯಾರೋ ಬಿಡದೆ ಹಾರ್ನ್ ಹೊಡೆಯುತ್ತಿದ್ದರು. ಅದು ನಿಲ್ಲುವವರೆಗೆ ಕಾದು, ಉಸಿರು ಬಿಗಿಹಿಡಿದು ಮುಟ್ಟಿಸಿದರು. ಹಳದಿ ಗುಡ್ಡೆಯ ನಡುವೆ ಕೂದಲೆಳೆಯಷ್ಟು ಕರಿ ಸೀಳು ಮೂಡಿತು. ಕಣ್ಣು ನೋಡತೊಡಗಿತು.

"ಸಾಕಕ್ಕಾ," ಎಂದರು ತಮ್ಮ, ಮೆಲ್ಲಗೆ.

"ಒಕ್ಕಣ್ಣನ್ನ ಕುಂದ್ರಸಲೇನು ಮನ್ಯಾಗ?"

ಗೊಂಬೆ ತಿರುಗಿಸಿದರು. ಬಲಗಣ್ಣು ಸಸಾರದ್ದು, ಕುಂಚಕ್ಕೆ ಸುಲಭವಾಗಿ ಸಿಗುವಂಥದ್ದು. ಕೈ ಆಗಲೇ ದಣಿದಿತ್ತು. ಕರಿ ಗೆರೆ ರೆಪ್ಪೆ ದಾಟಿ ದವಡೆಯವರೆಗೆ ಜಾರಿತು.

ಅಕ್ಕೋರು ಗೊಂಬೆಯನ್ನು ಕೆಳಗಿಟ್ಟು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ನಾಳಿ ಎಷ್ಟೊತ್ತಿಗೆ ಗಾಡಿ ತರ್ತಿ?"

ತಮ್ಮ ಗೊಂಬೆಯ ಎಡಗಣ್ಣಿಗೆ ಬೆರಳು ತೋರಿಸಿದರು. "ಒಂದ ಕಣ್ಣ ಅಂದಿದ್ನಿ. ಬಂದೈತಿ."

"ಗ್ರೇಸ್ ಮಾರ್ಕ್ಸ್ ಬ್ಯಾಡ ನನಗ."

"ಗ್ರೇಸ್ ಅಲ್ಲಕ್ಕಾ. ಎರಡನೇದು ಪ್ರಶ್ನಿಪತ್ರಿಕಿಯೊಳಗ ಇರಲೇ ಇಲ್ಲ." ಎದ್ದು ಫ್ಯಾನ್ ಹಾಕಿ, ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಅಕ್ಕೋರು ಅಲ್ಲೇ ಉಳಿದರು. ತಮ್ಮ ಗೊತ್ತುಮಾಡಿದಂತೆ, ಅಂದಿನಿಂದ ಕೆಳಗಿನ ಮನೆಯವರು ಚಹಾ, ಅಡಿಗೆ ಮಾಡಿಕೊಟ್ಟರು. ಅಕ್ಕೋರು ಆ ಬಲಗಣ್ಣಿನ ಮೇಲೆ ಪುಟ್ಟಿಯ ರೆಪ್ಪೆ ಮೆತ್ತಿ ಮುಚ್ಚಿದರು. ನಡುಗುವ ಬೆರಳು ಒತ್ತಿದಲ್ಲೆಲ್ಲ ಹಲ್ಲಿಯದೇ ಚರ್ಮದಂಥ ಸುಕ್ಕು ಬಿತ್ತು. "ನೋಡು, ನಿನಗ ಕಣ್ಣ ಹೊಡ್ಯಾಕತ್ತಾನ," ಎಂದು ತಮ್ಮನಿಗೆ ತೋರಿಸಿದರು. ತಮ್ಮ ಪ್ರತಿ ಐತಾರದ ರಜೆಗೆ ಬಂದು ತುಂಡುಗಳನ್ನು ಉಜ್ಜಿಕೊಡಲು ಕಲಿತರು. ಉಜ್ಜಿದ್ದು ನುಣುಪಾಗಿಲ್ಲ ಎಂದು ಬೈಸಿಕೊಳ್ಳಲೂ ಕಲಿತರು.

ಹೋದ ಚಳಿಗಾಲದಲ್ಲಿ ಅಕ್ಕೋರು ಅದೇ ಮನೆಯಲ್ಲಿ, ನಿದ್ದೆಯಲ್ಲಿ ತೀರಿಕೊಂಡರು. ಹದಿನೈದು ದಿನ ಕಳೆದ ಮೇಲೆ ಅವರ ತಮ್ಮ ನನ್ನನ್ನು ಕರೆಸಿದರು. ಮೇಜಿನ ಮೇಲೆ ಹದಿಮೂರನೆಯವನಿದ್ದ. ಮೈಬಣ್ಣ ಮುಗಿದಿತ್ತು, ಕಣ್ಣು ಇರಲಿಲ್ಲ.

"ನೀ ಬರಿಯವಾ. ನನಗ ಉಜ್ಜಾಕಷ್ಟ ಬರತೈತಿ."

ಕುಂಚ ತೆಗೆದುಕೊಂಡೆ. ನನ್ನ ಕೈಗೆ ಯಾವ ರೋಗವೂ ಇಲ್ಲ. ಆದರೂ ತುದಿ ಅದುರಿತು. ಕೆಳಗಿಟ್ಟೆ.

ಅವರು ಪಕ್ಕದ ಸ್ಟೂಲ್ ಎಳೆದು ಕುಳಿತರು. "ಅವಸರಿಲ್ಲ. ಮುಂದಿನ ಐತಾರನೂ ನಾ ಬರ್ತೇನಿ."